ಏಳು ಕಿಲೋ ಥರ್ಮಾಕೋಲ್

ನವೆಂಬರ್ 15, 2025, ಶನಿವಾರ. ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಗುಲಾಬಿ ಠಾಣೆಯ ಮೆಟ್ಟಿಲು ಹತ್ತಿದಾಗ ಅವಳ ಸೀರೆಯ ನೆರಿಗೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಗಂಡನನ್ನು ಎಳೆದು ದಡಕ್ಕೆ ಹಾಕಲು ಸೊಂಟದವರೆಗೆ ಹೊಳೆಗಿಳಿದವಳು, ಅವನನ್ನು ಕಂಕನಾಡಿಯ ಆಸ್ಪತ್ರೆಗೆ ಮುಟ್ಟಿಸಿ ಅದೇ ರಿಕ್ಷಾದಲ್ಲಿ ನೇರ ಇಲ್ಲಿಗೆ ಬಂದಿದ್ದಳು.

“ಬರೆದುಕೊಳ್ಳಿ,” ಎಂದಳು, ಕೂರುವ ಮೊದಲೇ. “ಉಮರಬ್ಬ ಬ್ಯಾರಿ. ಅವರ ಮೊಮ್ಮಗ ಅರ್ಶದ್. ಇಬ್ಬರೂ ಸೇರಿ ನನ್ನ ಗಂಡನ ಕಾಲು ಮುರಿದರು.”

ಮೇಜಿನಾಚೆ ಪೆನ್ನು ಹಿಡಿದಿದ್ದ ಹೆಡ್ ಕಾನ್‌ಸ್ಟೇಬಲ್ ಸುಹರಾ ತಲೆ ಎತ್ತಿದಳು. ಆ ಮುಖ ನೋಡಿದ್ದೇ ಗುಲಾಬಿ ಎರಡು ಹೆಜ್ಜೆ ಹಿಂದೆ ಸರಿದಳು.

“ನೀನಾ? ಬೇಡ ಮಾರಾಯ್ತಿ. ಬೇರೆ ಯಾರಾದ್ರೂ ಬರೆಯಲಿ. ನೀನು ಅವರ ಕಡೆಯವಳು.”

“ಗುಲಾಬಿಯಕ್ಕ, ಈ ಅಂಗಿ ಹಾಕಿದ ಮೇಲೆ ನನಗೆ ಕಡೆ ಎಂತದ್ದೂ ಇಲ್ಲ. ಕೂತ್ಕೊಳ್ಳಿ. ಮೊದಲು ನೀರು ಕುಡೀರಿ.”

ಮಾತು ಗಟ್ಟಿಯಾಗಿಯೇ ಬಂತು. ಆದರೆ ಒಳಗೆ ಚುಚ್ಚಿತು. ಸುಹರಾ ಬೆಂಗ್ರೆಯಲ್ಲೇ ಹುಟ್ಟಿ ಬೆಳೆದವಳು. ಹೊಳೆ ಮತ್ತು ಕಡಲಿನ ನಡುವಿನ ಆ ಮರಳ ಪಟ್ಟಿಯಿಂದ ಖಾಕಿ ಹಾಕಿ ಹೊರಟ ಮೊದಲ ಹೆಣ್ಣು. ಹದಿನೈದು ವರ್ಷದ ಹಿಂದೆ ಸಮವಸ್ತ್ರದಲ್ಲಿ ಮೊದಲ ಸಲ ಫೆರಿ ಹತ್ತಿದಾಗ ದೋಣಿಯಲ್ಲಿದ್ದ ಗಂಡಸರೆಲ್ಲ ಎದ್ದು ಜಾಗ ಕೊಟ್ಟಿದ್ದರು. ಆ ಮರ್ಯಾದೆ ಅವಳ ತಲೆಗೆ ಏರಲಿಲ್ಲ ಎಂದರೆ ಸುಳ್ಳಾಗುತ್ತದೆ. ಏರಿತ್ತು, ಇವತ್ತಿನವರೆಗೂ ಇಳಿದಿರಲಿಲ್ಲ. ಅವಳ ತಂದೆ, ಊರೆಲ್ಲ ‘ಫೈಬರ್ ಮೋನಾಕ’ ಎಂದೇ ಕರೆಯುತ್ತಿದ್ದ ಮನುಷ್ಯ, ಇಪ್ಪತ್ತಾರು ವರ್ಷ ದುಡಿದದ್ದು ಇದೇ ಉಮರಬ್ಬರ ದೋಣಿ ಕಟ್ಟುವ ಯಾರ್ಡಿನಲ್ಲಿ. ಗುಲಾಬಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ದೂರು ಇಷ್ಟು. ಬೆಂಗ್ರೆಯ ಮಕ್ಕಳು ಹೊಳೆ ದಾಟಿ ಶಾಲೆಗೆ ಹೋಗಲಿಕ್ಕೆಂದೇ ಊರಿನ ಸಮಿತಿ ಒಂದು ಹೊಸ ಫೈಬರ್ ದೋಣಿ ಮಾಡಿಸಿತ್ತು. ಒಂದು ಸಲಕ್ಕೆ ನಲವತ್ತು ಮಕ್ಕಳು. ಇಂಥ ದೋಣಿ ತುಂಬ ನೀರು ತುಂಬಿದರೂ ಮುಳುಗಬಾರದು ಎಂಬುದು ಷರತ್ತು. ಅದಕ್ಕಾಗಿ ಮುಂದೆ ಒಂದು, ಹಿಂದೆ ಒಂದು ಮುಚ್ಚಿದ ಗೂಡು ಮಾಡಿ ಒಳಗೆ ಥರ್ಮಾಕೋಲ್ ತುಂಬುತ್ತಾರೆ. ಇವತ್ತು ಬೆಳಿಗ್ಗೆ 9.40ಕ್ಕೆ ಪರೀಕ್ಷೆ. ಸರಕಾರದ ಪರಿಶೀಲಕರು ಎರಡೂ ಗೂಡಿನ ಬಿರಡೆ ತೆಗೆಸಿ, ದೋಣಿಗೆ ಬೇಕೆಂದೇ ನೀರು ತುಂಬಿಸಿದರು. ಮುಂಭಾಗ ತೇಲಿತು. ಹಿಂಭಾಗ ಕಲ್ಲು ಕಟ್ಟಿದ ಹಾಗೆ ಕೆಳಗೆ ಹೋಯಿತು. ಹಿಂದೆ ನಿಂತಿದ್ದ ಕೆಲಸಗಾರ ಲೋಕಯ್ಯ, ಅಂದರೆ ಗುಲಾಬಿಯ ಗಂಡ, ಜಾರಿದ. ಎಂಜಿನ್ ಸ್ಟ್ಯಾಂಡ್ ಮತ್ತು ಜೆಟ್ಟಿಯ ಕಂಬದ ನಡುವೆ ಸಿಕ್ಕಿ ಅವನ ಎಡಗಾಲು ಎರಡು ಕಡೆ ಮುರಿಯಿತು.

“ಗೂಡಿನಲ್ಲಿ ಎಂತದ್ದೂ ಇರ್ಲಿಲ್ಲ ಅಂತೆ,” ಎಂದಳು ಗುಲಾಬಿ. “ಖಾಲಿ. ಥರ್ಮಾಕೋಲ್ ಹಾಕದೆ ಹಾಕಿದ್ದೇವೆ ಅಂತ ಸಹಿ ಮಾಡಿ ಕೊಟ್ಟಿದ್ದಾನೆ ಆ ಹುಡುಗ. ಬರುವ ಸೋಮವಾರದಿಂದ ಮಕ್ಕಳು ಕೂರ್ಲಿಕ್ಕಿತ್ತು ಅದರಲ್ಲಿ, ಗೊತ್ತುಂಟಾ ನಿನಗೆ?”

ಸುಹರಾಗೆ ಗೊತ್ತಿತ್ತು. ಅವಳ ಅಕ್ಕನ ಮಗಳೂ ಆ ನಲವತ್ತರಲ್ಲಿ ಒಬ್ಬಳು. 12.05ಕ್ಕೆ ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ತೀವ್ರ ಗಾಯ, ಜೊತೆಗೆ ವಂಚನೆ. ಆರೋಪಿಗಳು ಉಮರಬ್ಬ ಮತ್ತು ಅರ್ಶದ್.

ಇನ್‌ಸ್ಪೆಕ್ಟರ್ ಸಂಕಪ್ಪ ಎಫ್‌ಐಆರ್ ಓದಿ ಕನ್ನಡಕ ತೆಗೆದರು. ಐವತ್ತನಾಲ್ಕು ವರ್ಷದ ಗಟ್ಟಿ ಆಳು. ಕೋಪ ಬಂದರೂ ತುಳು, ಖುಷಿಯಾದರೂ ತುಳು, ಕಾನೂನು ಮಾತಾಡುವಾಗ ಮಾತ್ರ ಕನ್ನಡ.

“ನಿನ್ನ ಊರು, ನಿನ್ನ ಜನ. ಬೇಡ ಅಂದ್ರೆ ಈಗಲೇ ಹೇಳು ಸುಹರಾ.”

“ನಾನೇ ಬರ್ತೇನೆ ಸರ್. ಆ ಯಾರ್ಡಿನಲ್ಲಿ ಎಂತ ಎಲ್ಲುಂಟು ಅಂತ ಈ ಠಾಣೆಯಲ್ಲಿ ನನಗಿಂತ ಹೆಚ್ಚು ಗೊತ್ತಿರುವವರು ಯಾರು?”

“ಅದೇ ನನ್ನ ತಲೆಬಿಸಿ,” ಎಂದು ಟೋಪಿ ಎತ್ತಿಕೊಂಡರು ಸಂಕಪ್ಪ.

1.30ಕ್ಕೆ ಯಾರ್ಡು. ದೋಣಿಯನ್ನು ಕ್ರೇನ್‌ನಲ್ಲಿ ಎತ್ತಿ ಮರಳ ಮೇಲೆ ಕೂರಿಸಿದ್ದರು. ನೀಲಿ ಬಣ್ಣ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅಬ್ಬಾ, ಎಂಥ ದೋಣಿ ಅದು! ಒಂದು ಗುಳ್ಳೆಯಿಲ್ಲ, ಒಂದು ಅಲೆಯಿಲ್ಲ, ಅಂಚು ಕತ್ತರಿಯಲ್ಲಿ ಕತ್ತರಿಸಿಟ್ಟ ಹಾಗೆ. ಅಂಥದ್ದಕ್ಕೆ ಈ ಗತಿ ಬಂತಲ್ಲ.

ಉಮರಬ್ಬ ಬಿಳಿ ಟೋಪಿ ಹಾಕಿ, ಖಾಲಿ ಡ್ರಮ್ಮಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಪ್ಪತ್ತೊಂದು ವರ್ಷ. ಪೊಲೀಸರನ್ನು ನೋಡಿ ಏಳಲಿಲ್ಲ.

“ಥರ್ಮಾಕೋಲ್ ಹಾಕಿದ್ದೀರಾ?” ಕೇಳಿದರು ಸಂಕಪ್ಪ.

“ಹಾಕಿದ್ದೇವೆ.”

“ಮತ್ತೆ ಎಲ್ಲಿ?”

“ಅದು ನನಗೆ ಗೊತ್ತಿದ್ರೆ ನಿಮಗೆ ಚಾ ಕೊಟ್ಟು ಕಳಿಸ್ತಿದ್ದೆ. ನಲವತ್ತು ವರ್ಷ ದೋಣಿ ಕಟ್ಟಿದ್ದೇನೆ ಸಾಹೇಬ್ರೇ. ಇಲ್ಲದ್ದನ್ನು ಉಂಟು ಅಂತ ಯಾರಿಗೂ ಕೊಟ್ಟವನಲ್ಲ.”

ಮೊಮ್ಮಗ ಅರ್ಶದ್ ಇಪ್ಪತ್ತೇಳರವನು. ಮೊಬೈಲು ತೆಗೆದು ತೋರಿಸಿದ. ನವೆಂಬರ್ 12, ಬುಧವಾರ, ಸಂಜೆ 4.10. ಹಿಂದಿನ ಗೂಡಿನಲ್ಲಿ ಒಂಬತ್ತು ದಪ್ಪ ಬಿಳಿ ಹಲಗೆಗಳು ಒತ್ತೊತ್ತಾಗಿ ಕೂತಿದ್ದ ಫೋಟೊ. 5.30ಕ್ಕೆ ಮೇಲೆ ಫೈಬರ್ ಹಾಕಿ ಗೂಡು ಮುಚ್ಚಿದ್ದಾರೆ. ಆಮೇಲೆ ಒಳಗೆ ಹೋಗಲಿಕ್ಕೆ ಉಳಿದ ದಾರಿ ಒಂದೇ, ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಬಿರಡೆಯ ತೂತು.

ಸಂಕಪ್ಪ ತೂತಿಗೆ ಹೆಬ್ಬೆರಳು ಹಾಕಿ ನೋಡಿದರು. ಟಾರ್ಚು ಬಿಟ್ಟು ನೋಡಿದರು. ಒಳಗೆ ಕತ್ತಲೆ, ಕೆಳಗೆ ಒಂದಷ್ಟು ಕೆಸರು ನೀರು.

“ಮೂರು ಮೂರು ಅಡಿ ಉದ್ದದ ಒಂಬತ್ತು ಹಲಗೆ ಈ ತೂತಿನಲ್ಲಿ ಹೊರಗೆ ಬಂತಾ? ಯಾರಿಗೆ ಕತೆ ಹೇಳ್ತಿ ನೀನು? ಇದೇ ಅಚ್ಚಿನಲ್ಲಿ ಹೋದ ವರ್ಷ ಇನ್ನೊಂದು ದೋಣಿ ಮಾಡಿದ್ದೀರಿ. ಫೋಟೊ ಅದರದ್ದು.”

“ಅಲ್ಲ ಸರ್! ಅಲ್ಲಾಹನಾಣೆ ಇದರದ್ದೇ!”

“ಮೊಬೈಲಿನ ತಾರೀಕು ಬದಲಿಸ್ಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ?”

ಅರ್ಶದ್ ಅಜ್ಜನ ಕಡೆ ತಿರುಗಿದ. ಪಕ್ಕದಲ್ಲಿ ಯಾರ್ಡಿನ ಮುಖ್ಯ ಮೇಸ್ತ್ರಿ ಕ್ಯಾಲ್ವಿನ್ ನಿಂತಿದ್ದ. ನಲವತ್ತೊಂಬತ್ತು ವರ್ಷದ ತೆಳ್ಳಗಿನ ಮನುಷ್ಯ, ಸುಹರಾಳ ತಂದೆಯ ಕೈಕೆಳಗೆ ಕೆಲಸ ಕಲಿತವನು. ತಂದೆ ತೀರಿಕೊಂಡ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳ ಮನೆಯಂಗಳದಲ್ಲಿ ನಿಂತೇ ಇದ್ದವನು. ಸುಹರಾ ಅವನನ್ನು ಕೇಳಿದಳು: “ಕ್ಯಾಲ್ವಿನಣ್ಣ, ನೀವು ಎಂತ ಹೇಳ್ತೀರಿ?”

“ಅರ್ಶದ್ ಹಾಕಿದ್ದಾನೆ. ನಾನು ಕಣ್ಣಾರೆ ನೋಡಿದ್ದೇನೆ ಬಾಯ್,” ಎಂದ ಅವನು, ಕೊಂಕಣಿಯಲ್ಲಿ ತಂಗಿಯನ್ನು ಕರೆಯುವ ಹಾಗೆ. “ಹುಡುಗನದ್ದು ತಪ್ಪಿಲ್ಲ.”

ಪಂಚರ ಎದುರು ಸ್ಥಳ ಪಂಚನಾಮೆ ಬರೆಯತೊಡಗಿದಳು ಸುಹರಾ. ಬಿರಡೆ ಒಂದು. ಅದರ ರಬ್ಬರ್ ವಾಷರ್ ಒಂದು, ಉಬ್ಬಿ ಸಡಿಲವಾಗಿದೆ. ತೂತಿನ ಸುತ್ತ ನೀಲಿ ಬಣ್ಣ ಅಚ್ಚುಕಟ್ಟಾಗಿ ಉಂಟು, ಆದರೆ ಗೇಣುದೂರದಲ್ಲಿ ಹುಣಸೆ ಬೀಜದಷ್ಟು ಜಾಗದಲ್ಲಿ ಹೊಳಪು ಸತ್ತಿದೆ. ಹಿಂದೆ ಕೂರುವ ಹಲಗೆಯ ಅಡಿಗೆ ಅಂಟಿಕೊಂಡಿದ್ದ ಒಂಬತ್ತು ಇಂಚಿನ ಮಾಸ್ಕಿಂಗ್ ಟೇಪಿನ ತುಂಡು ಒಂದು. ಬಣ್ಣ ಹಾಕುವಾಗ ಪಕ್ಕಕ್ಕೆ ತಾಗದಿರಲಿ ಎಂದು ಹಚ್ಚುವ ಕಾಗದದ ಟೇಪು ಅದು.

“ಟೇಪೂ ಬರೀತಿಯಾ?” ಸಂಕಪ್ಪ ನಕ್ಕರು. “ಈ ಯಾರ್ಡಿನಲ್ಲಿ ಕಾಲಿಟ್ಟಲ್ಲೆಲ್ಲ ಟೇಪು.”

“ಇರ್ಲಿ ಸರ್. ಕ್ರಮಸಂಖ್ಯೆ ಆರು.”

ಮರಳುವಾಗ ಫೆರಿಯಲ್ಲಿ ಸಂಕಪ್ಪ ಮಾತು ಮುಗಿಸಿದರು. ಪರಿಶೀಲಕರು ಬರೆದುಕೊಟ್ಟಾಗಿದೆ: ಥರ್ಮಾಕೋಲ್ ಹಾಕಿರಲಿಲ್ಲ. ಸೋಮವಾರ ಸಂಜೆ ಐದರೊಳಗೆ ಬೇರೆ ಏನೂ ಸಿಗದಿದ್ದರೆ ಅರ್ಶದನ ದಸ್ತಗಿರಿ, ಯಾರ್ಡಿಗೆ ಬೀಗ. ಸುಹರಾ ಹೊಳೆ ನೋಡುತ್ತ ಕೂತಳು. ಫೆರಿಯ ಗಂಡಸರು ಇವತ್ತೂ ಎದ್ದು ಜಾಗ ಕೊಟ್ಟಿದ್ದರು. ಆದರೆ ಯಾರೂ ಅವಳ ಮುಖ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ 10.15. ಹಿಂದಿನ ಗೂಡನ್ನು ಕತ್ತರಿಸಿ ತೆಗೆಯಬೇಕೆಂದು ಹಟ ಹಿಡಿದವಳು ಸುಹರಾ. ಕತ್ತರಿಸಿದವನು ಕ್ಯಾಲ್ವಿನ್. ಪೊಲೀಸರ ಕೆಲಸಕ್ಕೆ ಹೇಗೆ ಕೊಯ್ದರೂ ಸಾಕಿತ್ತು. ಅವನು ಪೆನ್ಸಿಲಿನಲ್ಲಿ ಗೆರೆ ಎಳೆದು, ಗೆರೆಯ ಮೇಲೆಯೇ ಯಂತ್ರ ಓಡಿಸಿದ.

ಒಳಗೆ ಥರ್ಮಾಕೋಲಿನ ಒಂದು ಕಾಳೂ ಇರಲಿಲ್ಲ. ಆದರೆ ತಳದಲ್ಲಿ, ಅಡಿ ಹಿಡಿದ ಗಂಜಿಯ ಹಾಗೆ, ಬಿಳಿಯ ದಪ್ಪ ಹೆಕ್ಕಳ. ಸುಹರಾ ಮೊಣಕಾಲೂರಿ ಚಾಕುವಿನಿಂದ ಒಂದು ತುಂಡು ಎಬ್ಬಿಸಿದಳು. ಮೇಲೆ ಕಲ್ಲಿನಷ್ಟು ಗಟ್ಟಿ, ಒಳಗೆ ಇನ್ನೂ ಅಂಟು. ಮುರಿದ ಕೂಡಲೇ ಮೂಗಿಗೆ ಬಂತು ಒಂದು ವಾಸನೆ, ಸಿಹಿ ಸಿಹಿಯಾಗಿ, ತೀಕ್ಷ್ಣವಾಗಿ.

ಅವಳ ಬಾಪನ ಕೈಯ ವಾಸನೆ. ದಿನಾ ಸಂಜೆ ಮನೆಗೆ ಬಂದು ತಲೆ ಸವರುವಾಗ ಅವಳು ಮುಖ ತಿರುಗಿಸುತ್ತಿದ್ದಳು. ಉಮ್ಮ ಬೈಯುತ್ತಿದ್ದಳು, ಬಾಪ ನಗುತ್ತ ಬಿರಿದ ಕೈಗೆ ತೆಂಗಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಫೈಬರ್ ಕೆಲಸದಲ್ಲಿ ರೆಸಿನ್ ಎಂಬ ಅಂಟು ಕೈಗೆ, ಬ್ರಶ್ಶಿಗೆ ಹಿಡಿದರೆ ಸಾಬೂನಿಗೆ ಹೋಗುವುದಿಲ್ಲ. ಅದಕ್ಕೆ ಒಂದೇ ಮದ್ದು, ಅಸಿಟೋನ್. ಹೆಂಗಸರು ಉಗುರು ಬಣ್ಣ ಅಳಿಸಲು ಬಳಸುವ ಅದೇ ದ್ರವ. ಯಾರ್ಡಿನ ಮೂಲೆಯಲ್ಲಿ ಅದರದ್ದೊಂದು ಡ್ರಮ್ಮು ಯಾವಾಗಲೂ ಇರುತ್ತದೆ. ಸುಹರಾ ಎದ್ದು ನಿಂತಳು. ಮೂಲೆಯ ಡ್ರಮ್ಮಿನ ಕಡೆ ನಡೆದಳು.

12.40ಕ್ಕೆ ಠಾಣೆ. ಹೊಸ ನೀರಿನ ಫಿಲ್ಟರ್ ಬಂದಿದ್ದ ಪೆಟ್ಟಿಗೆಯಿಂದ ಮೊಳದುದ್ದದ ಥರ್ಮಾಕೋಲ್ ತೆಗೆದಳು. ಪಂಚರ ಎದುರು ತೆಗೆದುಕೊಂಡು ಬಂದಿದ್ದ ಅಸಿಟೋನ್ ಅನ್ನು ಅಂಗಳದಲ್ಲಿ ಒಂದು ಸ್ಟೀಲ್ ಪಾತ್ರೆಗೆ ಸುರಿದಳು. “ಬೀಡಿ ಸಿಗರೇಟು ಯಾರೂ ಹತ್ತಿರ ತರಬೇಡಿ, ಭಗ್ಗನೆ ಹೊತ್ತಿಕೊಳ್ತದೆ,” ಎಂದು ಎಚ್ಚರಿಸಿ, ಥರ್ಮಾಕೋಲನ್ನು ನೆಟ್ಟಗೆ ಹಿಡಿದು ಇಳಿಸಿದಳು. ಅದು ತಳಕ್ಕೆ ತಾಗಿ ನಿಲ್ಲಲೇ ಇಲ್ಲ. ಸುರ್ ಎಂದು ನೊರೆ ಬಿಡುತ್ತ ಒಂದೇ ಸಮನೆ ಕೆಳಗೆ ಹೋಗುತ್ತಲೇ ಇತ್ತು. ಮೊಳದುದ್ದದ ತುಂಡು ಒಂದು ಕುಡಿತೆ ದ್ರವದಲ್ಲಿ ಪೂರ್ತಿ ಹೋಯಿತು.

“ಅಯ್ಯೋ ದೇವರೇ!” ಸಂಕಪ್ಪ ಬಗ್ಗಿ ಪಾತ್ರೆಯ ಅಡಿ ಎತ್ತಿ ನೋಡಿದರು, ತೂತಿದೆಯೋ ಎಂದು. “ಎಲ್ಲಿ ಹೋಯ್ತು?”

“ಎಲ್ಲಿಗೂ ಹೋಗ್ಲಿಲ್ಲ ಸರ್. ಥರ್ಮಾಕೋಲ್ ಅಂದ್ರೆ ನೂರಕ್ಕೆ ತೊಂಬತ್ತೆಂಟು ಪಾಲು ಗಾಳಿ. ಆ ಗಾಳಿ ಹೋಯ್ತು. ಉಳಿದದ್ದು ಇಷ್ಟೇ.” ಚಮಚದಲ್ಲಿ ಒಂದು ಗೋಲಿಯಷ್ಟು ಬಿಳಿ ಅಂಟು ಎತ್ತಿ ತೋರಿಸಿದಳು. “ಆ ತೂತಿನಿಂದ ಯಾರೂ ಎಂತದ್ದೂ ಹೊರಗೆ ತೆಗೀಲಿಲ್ಲ. ಒಳಗೆ ಸುರಿದಿದ್ದಾರೆ.”

ಸಂಕಪ್ಪ ಚಮಚ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ತುಳುವಿನಲ್ಲಿ ಏನೋ ಹೇಳಿದರು. ಖುಷಿಯದ್ದೇ. ಆದರೆ ಕನ್ನಡಕ್ಕೆ ಬಂದಾಗ ಧ್ವನಿ ಗಟ್ಟಿಯಾಗಿತ್ತು. “ಇದು ಕೋರ್ಟಿಗೆ ಸಾಕಾಗುವುದಿಲ್ಲ. ಗೂಡಿನಲ್ಲಿದ್ದದ್ದು ಅದೇ ಅಂತ ಹೇಗೆ ಹೇಳ್ತಿ?”

“ತೂಕ ಹಾಕುವ ಸರ್. ಅಂಗಡಿಯ ಚೀಟಿಯಲ್ಲಿ ಆ ಒಂಬತ್ತು ಹಲಗೆಯ ತೂಕ ಉಂಟು, ಏಳು ಕಿಲೋ ಇನ್ನೂರು ಗ್ರಾಂ. ಗಾಳಿಗೆ ತೂಕ ಇಲ್ಲವಲ್ಲ. ಹಾಕಿದ್ದು ನಿಜ ಆದ್ರೆ ಹೆಚ್ಚುಕಡಿಮೆ ಅಷ್ಟೂ ಅಲ್ಲೇ ಸಿಗಬೇಕು.”

ಹೆಕ್ಕಳವನ್ನು ಪೂರ್ತಿ ಕೆರೆದು, ಮುದ್ರೆ ಹಾಕಿ, ಅದೇ ಮಧ್ಯಾಹ್ನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸಾಗಿಸಿದರು. ಅಲ್ಲಿಯ ಅಧಿಕಾರಿ ಅಕ್ಷಿತಾ, ಮಣ್ಣಗುಡ್ಡದ ಮನೆಯಲ್ಲಿ ಊಟಕ್ಕೆ ಕೂತಿದ್ದವಳು, ಭಾನುವಾರ ಎಂದು ಗೊಣಗುತ್ತಲೇ ಬಂದಳು. ವಿಷಯ ಕೇಳಿದ ಮೇಲೆ ಗೊಣಗಾಟ ನಿಲ್ಲಿಸಿ ಕೋಟು ಹಾಕಿಕೊಂಡಳು.

ಸೋಮವಾರ ಸಂಜೆ 4.10ಕ್ಕೆ, ಗಡುವಿಗೆ ಐವತ್ತು ನಿಮಿಷ ಇರುವಾಗ, ಅಕ್ಷಿತಾಳ ಫೋನು ಬಂತು. ಸಂಕಪ್ಪ ಸ್ಪೀಕರ್ ಹಾಕಿದರು.

“ಅದು ಪಾಲಿಸ್ಟೈರೀನ್, ಥರ್ಮಾಕೋಲಿನ ಮೂಲವಸ್ತು. ಅಸಿಟೋನ್ ಸಹ ಸಿಕ್ಕಿತು. ನನಗೆ ಸಿಗುತ್ತದೆ ಅಂತ ನಂಬಿಕೆ ಇರ್ಲಿಲ್ಲ ಸರ್. ಐವತ್ತಾರು ಡಿಗ್ರಿಗೇ ಕುದಿಯುವ ದ್ರವ ಅದು, ತೆರೆದಿಟ್ಟರೆ ಕಣ್ಣೆದುರೇ ಆರಿಹೋಗ್ತದೆ. ನೀರಿನಲ್ಲಿ ಹಾಲಿನ ಹಾಗೆ ಬೆರೆತುಹೋಗ್ತದೆ. ಹೊಳೆ ನೀರು ತೊಳೆದಿರ್ತದೆ ಅಂದ್ಕೊಂಡಿದ್ದೆ. ಆದ್ರೆ ನೀರು ತಾಗಿದ್ದೇ ಮೇಲ್ಪದರ ಗಟ್ಟಿಯಾಗಿ, ಒಳಗಿನದ್ದು ಅಲ್ಲೇ ಸಿಕ್ಕಿಬಿದ್ದಿದೆ.”

“ಇದು ಎಲ್ಲೆಲ್ಲ ಸಿಗ್ತದೆ?”

“ಎಲ್ಲಿ ಸಿಗೋದಿಲ್ಲ ಕೇಳಿ. ಔಷಧ ಕಾರ್ಖಾನೆ, ಪೇಂಟು, ಗೋಂದು, ಪ್ಲಾಸ್ಟಿಕ್ ಹಾಳೆ, ಎಲ್ಲ ಕಡೆ ಇದು ಬೇಕು. ಕರಗಿಸುವ ಕೆಲಸ, ತೊಳೆಯುವ ಕೆಲಸ, ಎರಡಕ್ಕೂ ಇದಕ್ಕಿಂತ ಸಾಧು ಆಳು ಇಲ್ಲ. ಕೆಲಸ ಮುಗಿಸಿ ಗುರುತು ಬಿಡದೆ ಹೋಗ್ತದೆ.”

“ತೂಕ?” ಸುಹರಾ ಕೇಳಿದಳು.

“ಪುಡಿ ಮಾಡಿ ಒಣಗಿಸಿದ ಮೇಲೆ ಏಳು ಕಿಲೋ ಐವತ್ತು ಗ್ರಾಂ.”

ಹಾಕಿದ್ದಾರೆ! ಉಮರಬ್ಬ ಸುಳ್ಳು ಹೇಳಲಿಲ್ಲ, ಅರ್ಶದ್ ಸುಳ್ಳು ಹೇಳಲಿಲ್ಲ, ಬೆಂಗ್ರೆ ಮೋಸದ ದೋಣಿ ಕಟ್ಟಲಿಲ್ಲ. ಸುಹರಾಗೆ ಕುರ್ಚಿಯ ಮೇಲೆ ಹತ್ತಿ ಬೊಬ್ಬೆ ಹಾಕಬೇಕು ಅನ್ನಿಸಿತು. ಹೆಡ್ ಕಾನ್‌ಸ್ಟೇಬಲ್ ಆದ್ದರಿಂದ ಕಡತಕ್ಕೆ ಕೈ ಹಾಕಿದಳು.

“ಹಾಗಾದ್ರೆ ಸುರಿದವರು ಯಾರು?” ಎಂದರು ಸಂಕಪ್ಪ.

ಗೂಡು ಮುಚ್ಚಿದ್ದು ಬುಧವಾರ, ಪರೀಕ್ಷೆ ಶನಿವಾರ. ಯಾರ್ಡಿನ ಸಿಸಿ ಕ್ಯಾಮೆರಾದಲ್ಲಿ ಮೂರು ದಿನದ ದೃಶ್ಯವೂ ಇತ್ತು, ಒಂದು ಹೊತ್ತಿನದ್ದು ಬಿಟ್ಟು. ನವೆಂಬರ್ 14, ಶುಕ್ರವಾರ, ಮಧ್ಯಾಹ್ನ 12.48ರಿಂದ 2.02ರವರೆಗೆ ಚಿತ್ರವೇ ಇಲ್ಲ. ಕರೆಂಟು ಹೋಗಿತ್ತೆಂದು ಕ್ಯಾಲ್ವಿನ್ ಹೇಳಿದ್ದ. ಅದೇ ಲೈನಿನ ಐಸ್ ಪ್ಲಾಂಟಿನಲ್ಲಿ ವಿಚಾರಿಸಿದರೆ ಕರೆಂಟು ಹೋಗಿರಲೇ ಇಲ್ಲ. ಯಾರೋ ಯಾರ್ಡಿನ ಮೇನ್ ಸ್ವಿಚ್ ಇಳಿಸಿದ್ದರು.

ಶುಕ್ರವಾರ ಆ ಹೊತ್ತೆಂದರೆ ಜುಮಾ ನಮಾಜು. ಉಮರಬ್ಬ, ಅರ್ಶದ್, ಹುಡುಗರೆಲ್ಲ ಮಸೀದಿಗೆ ಹೋಗುತ್ತಾರೆ. ಲೋಕಯ್ಯ ಊಟಕ್ಕೆ ಮನೆಗೆ ಹೋಗುತ್ತಾನೆ. ಆಗ ಬೀಗದ ಕೈ ಯಾರ ಹತ್ತಿರ ಎಂದು ಬೆಂಗ್ರೆಯಲ್ಲಿ ಸಣ್ಣ ಮಗುವನ್ನು ಕೇಳಿದರೂ ಹೇಳುತ್ತದೆ. ಇಪ್ಪತ್ತೆರಡು ವರ್ಷದಿಂದ ಅದು ಕ್ಯಾಲ್ವಿನನ ಹತ್ತಿರ. ಲೆಕ್ಕ ಇಲ್ಲ, ಪತ್ರ ಇಲ್ಲ, ಬರೀ ವಿಶ್ವಾಸ.

ಸುಹರಾ ಕ್ರಮಸಂಖ್ಯೆ ಆರರ ಲಕೋಟೆಯನ್ನು ಬೆಳಕಿಗೆ ಹಿಡಿದಳು. ಪ್ಲಾಸ್ಟಿಕ್ಕಿನೊಳಗೆ ಆ ಟೇಪಿನ ತುಂಡು. ಒಂದು ತುದಿ ಹರಿದಿತ್ತು. ಇನ್ನೊಂದು ತುದಿಯನ್ನು ಬೆರಳುಗುರಿನಷ್ಟು ಒಳಕ್ಕೆ ಮಡಚಲಾಗಿತ್ತು, ಕೀಳುವಾಗ ಹಿಡಿಯಲಿಕ್ಕೆ ಸಿಗುವ ಹಾಗೆ. ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು.

“ಎಂತಾಯ್ತು?” ಸಂಕಪ್ಪ ಕೇಳಿದರು.

“ಸರ್, ಇವನು ದೋಣಿ ಹಾಳು ಮಾಡ್ಲಿಕ್ಕೆ ಬಂದವನು. ಆದ್ರೆ ಬಣ್ಣಕ್ಕೆ ಅಸಿಟೋನ್ ತಾಗಿದ್ರೆ ಹೊಳಪು ಹೋಗ್ತದೆ ಅಂತ ತೂತಿನ ಸುತ್ತ ಮೊದಲು ಟೇಪು ಹಚ್ಚಿದ್ದಾನೆ. ಮುಳುಗಬೇಕಾದ ದೋಣಿಯ ಬಣ್ಣ ಕಾಪಾಡಿದ್ದಾನೆ. ಹೊರಗೆ ಒಂದೇ ಒಂದು ಹನಿ ಬಿದ್ದದ್ದು.” ಅವಳು ನಿಲ್ಲಿಸಿದಳು. ಮುಂದಿನದ್ದು ಹೇಳುವುದು ಕಷ್ಟವಾಯಿತು. “ಟೇಪಿನ ತುದಿ ಹೀಗೆ ಮಡಚುವವರು ಆ ಯಾರ್ಡಿನಲ್ಲಿ ಇಬ್ಬರೇ. ಬಾಕಿಯವರೆಲ್ಲ ಹರಿದು ಹಚ್ತಾರೆ, ಕೀಳುವಾಗ ಉಗುರಿನಲ್ಲಿ ಕೆರೀತಾರೆ. ಒಬ್ಬರು ನನ್ನ ಬಾಪ. ಅವರು ತೀರಿ ಹೋಗಿ ಆರು ವರ್ಷ ಆಯ್ತು. ಇನ್ನೊಬ್ಬ, ಅವರು ಕಲಿಸಿದ ಶಿಷ್ಯ.”

ಸಂಕಪ್ಪ ಅವಳ ಮುಖವನ್ನೇ ನೋಡಿದರು. “ಇದು ನೀನು ಹೇಳದಿದ್ರೆ ಜೀವಮಾನದಲ್ಲಿ ನನಗೆ ಗೊತ್ತಾಗ್ತಿರ್ಲಿಲ್ಲ.”

“ಗೊತ್ತುಂಟು ಸರ್. ಬೆರಳಚ್ಚಿಗೆ ಕಳಿಸುವ. ಅಂಟಿನ ಬದಿಯಲ್ಲಿ ಸಿಗ್ತದೆ.”

ಮಂಗಳವಾರ ಯಾರ್ಡಿನ ಹದಿನಾಲ್ಕೂ ಜನರ ಬೆರಳಚ್ಚು ತೆಗೆದರು. ಬುಧವಾರ, ನವೆಂಬರ್ 19, ಮಧ್ಯಾಹ್ನ 2.15ಕ್ಕೆ ವರದಿ ಬಂತು. ಟೇಪಿನ ಅಂಟಿನಲ್ಲಿದ್ದದ್ದು ಕ್ಯಾಲ್ವಿನನ ಬಲ ಹೆಬ್ಬೆರಳ ಗುರುತು.

ಅವನು ಯಾರ್ಡಿನಲ್ಲಿರಲಿಲ್ಲ, ಮನೆಯಲ್ಲೂ ಇರಲಿಲ್ಲ. ಸಿಕ್ಕಿದ್ದು ಕಂಕನಾಡಿಯ ಆಸ್ಪತ್ರೆಯ ಮೂರನೇ ಮಾಳಿಗೆಯಲ್ಲಿ, ಲೋಕಯ್ಯನ ಮಂಚದ ಪಕ್ಕ. ಶನಿವಾರದಿಂದ ದಿನಾ ಬರುತ್ತಿದ್ದನಂತೆ, ಗಂಜಿ, ಚಟ್ನಿ ಹಿಡಿದು. ಸುಹರಾ ಬಾಗಿಲಲ್ಲಿ ನಿಂತಾಗ ಅವನು ಲೋಕಯ್ಯನಿಗೆ ಚಮಚದಲ್ಲಿ ಗಂಜಿ ಕೊಡುತ್ತಿದ್ದ. ಅವಳ ಹಿಂದೆ ಇನ್‌ಸ್ಪೆಕ್ಟರನ್ನು ನೋಡಿದ. ಬಟ್ಟಲಿನಲ್ಲಿ ಉಳಿದಿದ್ದ ಎರಡು ಚಮಚವನ್ನೂ ಕೊಟ್ಟು, ಲೋಕಯ್ಯನ ಬಾಯಿ ಒರೆಸಿ, ಎದ್ದ.

“ಟೇಪಾ?” ಎಂದ.

“ಹೌದು ಕ್ಯಾಲ್ವಿನಣ್ಣ.”

“ಕಿತ್ತಿದ್ದೆ. ಒಂದು ತುಂಡು ಎಲ್ಲೋ ಬಿದ್ದುಹೋಯ್ತು. ಹುಡುಕ್ಲಿಕ್ಕೆ ಹೊತ್ತಿರ್ಲಿಲ್ಲ, ನಮಾಜು ಬಿಡುವ ಸಮಯ ಆಗಿತ್ತು.”

ಮಂಚದಲ್ಲಿದ್ದ ಲೋಕಯ್ಯ ಒಬ್ಬೊಬ್ಬರ ಮುಖ ನೋಡಿದ. “ಎಂತ ಕ್ಯಾಲ್ವಿನ್ ಪೊರ್ಬುಲೇ? ಇವರು ಎಂತ ಹೇಳ್ತಾರೆ?”

“ನಾನೇ ಲೋಕಯ್ಯ,” ಎಂದ ಕ್ಯಾಲ್ವಿನ್. “ನೀನು ಹಿಂದೆ ನಿಲ್ತಿ ಅಂತ ನನಗೆ ಗೊತ್ತಿರ್ಲಿಲ್ಲ. ಅಲ್ಲಿ ಮರಳಿನ ಚೀಲ ಇಡಬೇಕು ಅಂತ ಹೇಳಿದ್ದೆ.” ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಗುಲಾಬಿ ಎದ್ದಳು. ಅವನು ತಂದಿದ್ದ ಬಟ್ಟಲನ್ನು ತೊಳೆದು ಅವನ ಕೈಗೆ ಕೊಟ್ಟು ಮುಖ ತಿರುಗಿಸಿದಳು.

3.40ಕ್ಕೆ ದಸ್ತಗಿರಿ. ಹೇಳಿಕೆಯನ್ನು ಸುಹರಾಳೇ ಬರೆದಳು.

“ಯಾಕೆ ಮಾಡಿದಿರಿ?”

“ಒಂದು ತಿಂಗಳ ಹಿಂದೆ ಉಮರಬ್ಬಾಕನಿಗೆ ಹೇಳಿದೆ. ಈ ದೋಣಿಗೆ ಥರ್ಮಾಕೋಲ್ ಬೇಡ, ಎರಡು ದ್ರಾವಣ ಬೆರೆಸಿ ಸುರಿಯುವ ಫೋಮ್ ಹಾಕುವ ಅಂತ. ಹಿಂದೆ ಪೆಟ್ರೋಲ್ ಟ್ಯಾಂಕು ಇರ್ತದೆ ಬಾಯ್. ಪೆಟ್ರೋಲ್ ಸಹ ಥರ್ಮಾಕೋಲನ್ನು ತಿಂತದೆ, ಅಸಿಟೋನಿನಷ್ಟು ಬೇಗ ಅಲ್ಲ, ನಿಧಾನಕ್ಕೆ. ದಿನಕ್ಕೆ ನಾಲ್ಕು ಹನಿ ಇಳಿದ್ರೆ ಎರಡು ವರ್ಷದಲ್ಲಿ ಗೂಡು ಖಾಲಿ. ಮೇಲಿಂದ ಯಾರಿಗೂ ಕಾಣೋದಿಲ್ಲ. ಮೇಲೆ ನಲವತ್ತು ಮಕ್ಕಳು.”

“ಅವರು ಎಂತ ಹೇಳಿದ್ರು?”

“ನಲವತ್ತು ವರ್ಷದಿಂದ ಥರ್ಮಾಕೋಲ್ ಹಾಕಿದ್ದೇನೆ, ಒಂದು ದೋಣಿ ಮುಳುಗ್ಲಿಲ್ಲ, ನೀನು ಫೈಬರ್ ಹಾಕ್ಲಿಕ್ಕೆ ಬಂದವನು ಫೈಬರ್ ಹಾಕು ಅಂದ್ರು. ಎಲ್ಲರ ಎದುರಲ್ಲಿ. ಹುಡುಗರೆಲ್ಲ ನಗಾಡಿದ್ರು.” ಅವನು ತನ್ನ ಬಿರಿದ ಅಂಗೈ ನೋಡಿಕೊಂಡ. “ಪರೀಕ್ಷೆಯಲ್ಲಿ ಸೋತ್ರೆ ಗೂಡು ಬಿಚ್ಚಿ ನೋಡ್ತಾರೆ, ಥರ್ಮಾಕೋಲ್ ಕರಗಿದ್ದು ಕಾಣ್ತದೆ, ಆಗ ನಾನು ಹೇಳಿದ್ದು ಗೊತ್ತಾಗ್ತದೆ ಅಂತ ಇದ್ದೆ. ಅವರು ಬಿಚ್ಚಲೇ ಇಲ್ಲ. ಸೀದಾ ಹುಡುಗನನ್ನು ಹಿಡಿದ್ರು.”

“ಆಗಲೇ ಬಾಯಿ ಬಿಡಬೇಕಿತ್ತಲ್ಲ!” ಸುಹರಾ ಪೆನ್ನು ಕೆಳಗಿಟ್ಟಳು. “ಎರಡು ದಿನ ಅರ್ಶದ್ ಅನ್ನ ತಿನ್ಲಿಲ್ಲ, ಗೊತ್ತುಂಟಾ?”

“ಲೋಕಯ್ಯನ ಕಾಲು ನೋಡಿದ ಮೇಲೆ ನಾಲಿಗೆ ಏಳ್ಲಿಲ್ಲ ಬಾಯ್. ನೀನು ಕತ್ತರಿಸಿ ನೋಡುವ ಅಂದಾಗ ಸಮಾಧಾನ ಆಯ್ತು. ಮೋನಾಕನ ಮಗಳಿಗೆ ಆ ವಾಸನೆ ಗೊತ್ತಾಗದೆ ಇರ್ತದಾ?”

ಸಂಕಪ್ಪ ನಡುವೆ ಬಂದರು. “ಮೇನ್ ಸ್ವಿಚ್ ಇಳಿಸಿದ್ದು ಕ್ಯಾಮೆರಾಕ್ಕಲ್ವಾ?”

ಕ್ಯಾಲ್ವಿನ್‌ಗೆ ಆಶ್ಚರ್ಯವಾಯಿತು. “ಆ ಹೊತ್ತಿಗೆ ಕ್ಯಾಮೆರಾ ನೆನಪೇ ಇರ್ಲಿಲ್ಲ ಸರ್. ಇಪ್ಪತ್ತು ಲೀಟರ್ ಅಸಿಟೋನ್ ಸುರಿಯುವಾಗ ಹಬೆ ನೆಲದಲ್ಲೇ ಹರೀತದೆ. ಫ್ರಿಜ್ಜಿನ ಒಂದು ಕಿಡಿ ಸಾಕು, ಯಾರ್ಡೇ ಹೋಗ್ತದೆ. ಕೆಲಸ ಗೊತ್ತಿದ್ದವನು ಮೊದಲು ಕರೆಂಟು ತೆಗೀಬೇಕು.”

ಅವನು ಕೊನೆಗೆ ಒಂದೇ ಕೇಳಿದ. ಜಾಮೀನಿನ ಮಾತಲ್ಲ, ವಕೀಲರ ಮಾತಲ್ಲ. “ಇನ್ನಾದ್ರೂ ಫೋಮ್ ಹಾಕ್ತಾರಾ?” ಸುಹರಾ ಹೇಳಿಕೆಯಲ್ಲಿ ಆ ಪ್ರಶ್ನೆಯನ್ನೂ ಬರೆದಳು.

ಅರ್ಶದ್, ಉಮರಬ್ಬ ಇಬ್ಬರ ಹೆಸರೂ ಆರೋಪದಿಂದ ಹೋಯಿತು. ವಿಷಯ ಪತ್ರಿಕೆಯಲ್ಲಿ ಬಂದ ದಿನ ಫೆರಿಯಲ್ಲಿ ಗಂಡಸರು ಎದ್ದು ನಿಂತು, ಈ ಸಲ ಅವಳ ಮುಖ ನೋಡಿ, ‘ಮೋನಾಕನ ಮಗಳು’ ಎಂದರು. ಸುಹರಾಗೆ ತಲೆ ಎತ್ತಿಯೇ ಕೂರಬೇಕು ಅನ್ನಿಸಿತು. ಕೂತಳು. ಬಾಪನ ವಿದ್ಯೆಯಿಂದಲೇ ಗೆದ್ದದ್ದು, ಬಾಪನ ಶಿಷ್ಯನನ್ನೇ ಹಿಡಿದದ್ದು. ಎರಡೂ ಅವಳದ್ದೇ.

ಡಿಸೆಂಬರ್ 3, ಬುಧವಾರ. ಕ್ಯಾಲ್ವಿನ್‌ನನ್ನು ನ್ಯಾಯಾಲಯಕ್ಕೆ ಕರೆತರುವ ದಿನ. ಬೆಳಿಗ್ಗೆ 9.30ಕ್ಕೆ ಉಮರಬ್ಬ ಕೋಲೂರಿಕೊಂಡು ಠಾಣೆಗೆ ಬಂದರು. ಇಷ್ಟು ವರ್ಷದಲ್ಲಿ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಸುಹರಾಳ ಮೇಜಿನ ಮೇಲೆ ಒಂದು ಗಾಜಿನ ಭರಣಿ ಇಟ್ಟರು. ಒಳಗೆ ಇಟ್ಟಿಗೆಯ ಚೂರಿನಷ್ಟು ಹಳದಿ ಫೋಮ್.

“ಐದು ದಿನ ಪೆಟ್ರೋಲಿನಲ್ಲಿ ಮುಳುಗಿಸಿ ಇಟ್ಟೆ. ಹಾಗೇ ಉಂಟು,” ಎಂದರು. “ಥರ್ಮಾಕೋಲ್ ಒಂದು ರಾತ್ರಿಗೆ ಹೋಯ್ತು. ನಾನು ಕಟ್ಟಿದ ಬಾಕಿ ದೋಣಿಗಳನ್ನೂ ವಾಪಸ್ ಕರೆಸಿದ್ದೇನೆ, ಒಂದೊಂದೇ ಬಿಚ್ತೇವೆ. ಇದನ್ನು ಅವನಿಗೆ ತೋರಿಸು.”

“ನೀವೇ ಬನ್ನಿ ಉಮರಬ್ಬಾಕ. ಕೋರ್ಟಿನ ಹತ್ತಿರ ತೋರಿಸ್ಬಹುದು.”

“ನನಗೆ ಆಗುದಿಲ್ಲ ಮಗಳೇ,” ಎಂದು ಮುದುಕರು ಎದ್ದರು. “ಅವನು ನಗಾಡಿದ್ರೆ ನನಗೆ ತಡ್ಕೊಳ್ಲಿಕ್ಕಾಗುದಿಲ್ಲ. ನಗಾಡದಿದ್ರೆ ಅದಕ್ಕಿಂತಲೂ ಆಗುದಿಲ್ಲ.”

ನ್ಯಾಯಾಲಯದ ಜಗಲಿಯಲ್ಲಿ, ಸಂಕಪ್ಪರ ಒಪ್ಪಿಗೆ ಪಡೆದು, ಸುಹರಾ ಭರಣಿಯನ್ನು ಕ್ಯಾಲ್ವಿನನ ಕೈಗೆ ಕೊಟ್ಟಳು. ವಾಸನೆ ಹೊರಗೆ ಬಾರದಿರಲೆಂದು ಮುಚ್ಚಳದ ಸುತ್ತ ಮಾಸ್ಕಿಂಗ್ ಟೇಪು ಸುತ್ತಿದ್ದರು. ಅವನು ಉಗುರಿನಲ್ಲಿ ಕೆರೆಯಲು ಹೊರಟವನು ನಿಲ್ಲಿಸಿದ. ಟೇಪಿನ ತುದಿಯನ್ನು ಬೆರಳುಗುರಿನಷ್ಟು ಒಳಕ್ಕೆ ಮಡಚಲಾಗಿತ್ತು.

“ಯಾರು ಹಚ್ಚಿದ್ದು?”

“ಅರ್ಶದ್.”

ಕ್ಯಾಲ್ವಿನ್ ಆ ಮಡಿಕೆ ಹಿಡಿದು ಟೇಪನ್ನು ಒಂದೇ ಎಳೆತಕ್ಕೆ ಬಿಚ್ಚಿದ. ಫೋಮ್ ಹೊರಗೆ ತೆಗೆದು ಮೂಸಿದ, ಹೆಬ್ಬೆರಳಲ್ಲಿ ಒತ್ತಿದ, ಮೂಲೆ ಮುರಿದು ಒಳಗಿನ ಗುಳ್ಳೆಗಳನ್ನು ಬೆಳಕಿಗೆ ಹಿಡಿದು ನೋಡಿದ. ನಗಲಿಲ್ಲ.

“ಮಿಶ್ರಣ ಸರಿ ಉಂಟು ಅಂತ ಹೇಳು,” ಎಂದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕೂಗಿದರು.